ಚಿಲಕ ಹಾಕುವ ಬಚ್ಚಲಿಗೆ ಮೂರು ಕೊಟೇಶನ್

ಬಚ್ಚಲಮನೆಗೆ ಒಮ್ಮೆ ಮಿಸ್ತ್ರಿ ಕಾಲಿಟ್ಟ ಮೇಲೆ ಮನೆಯವರ ಮಾನ ಅಷ್ಟೋ ಇಷ್ಟೋ ಹೋಗಿಯೇ ತೀರುತ್ತದೆ. ಕೆಲವರದ್ದು ಒಂದೇ ದಿನದಲ್ಲಿ ಹೋಗುತ್ತದೆ. ನಮ್ಮದು ಕಂತುಕಂತಾಗಿ ಐದು ತಿಂಗಳು ಹೋಯಿತು.

ನಾನು ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೇನೆ. ಮನೆ ಗುರುಗ್ರಾಮದಲ್ಲಿ, ಹನ್ನೊಂದನೇ ಮಹಡಿ. ಮನೆಯಲ್ಲಿ ನಾನು, ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಮತ್ತು ಹನ್ನೊಂದು ವರ್ಷದಿಂದ ನಮ್ಮ ಜೊತೆಗಿರುವ ಅಮ್ಮ. ಅಮ್ಮನಿಗೆ ಎಪ್ಪತ್ತೇಳು. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಮಣೆಯಿಂದ ಏಳುವಾಗ ಜಾರಿ ಬಿದ್ದರು. ಸೊಂಟದ ಮೂಳೆ ಸ್ವಲ್ಪ ಬಿರುಕು ಬಿಟ್ಟಿತು. ಆರು ವಾರ ಹಾಸಿಗೆ. ಎದ್ದು ಓಡಾಡುವಂತಾದ ಮೇಲೆ ಡಾಕ್ಟರು ಹೇಳಿದರು: "ಈಗಿರೋ ಬಾತ್‌ರೂಮಿನಲ್ಲಿ ಒಬ್ಬರೇ ಹೋಗುವ ಹಾಗಿಲ್ಲ. ಚಿಲಕವಂತೂ ಹಾಕಲೇಬಾರದು. ಜಾರದ ನೆಲ, ಎತ್ತರದ ಕಮೋಡು, ಹಿಡಿಯೋಕೆ ಕಂಬಿ ಎಲ್ಲ ಹಾಕಿಸಿ. ಆಮೇಲೆ ನೋಡೋಣ."

ಅಂದಿನಿಂದ ಅಮ್ಮನ ಸ್ನಾನಕ್ಕೆ ನಮ್ಮ ರೂಮಿನ ಬಚ್ಚಲು. ಬಾಗಿಲು ತೆರೆದಿರಬೇಕು, ಹೊರಗೆ ಪ್ಲಾಸ್ಟಿಕ್ ಸ್ಟೂಲಿನಲ್ಲಿ ನನ್ನ ಹೆಂಡತಿ ಬಚ್ಚಲಿಗೆ ಬೆನ್ನು ಮಾಡಿ ಕೂತಿರಬೇಕು. ಅಮ್ಮ ಎರಡು ದಿನ ಹಾಗೆಯೇ ಸ್ನಾನ ಮಾಡಿದರು. ಮೂರನೇ ದಿನ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಟೈಲ್ಸು ಯಾವ ಬಣ್ಣದ್ದಾದ್ರೂ ಹಾಕ್ಸು, ನಲ್ಲಿ ಯಾವ್ದಾದ್ರೂ ಹಾಕ್ಸು. ನಂಗೆ ಒಳಗಿಂದ ಚಿಲಕ ಹಾಕ್ಕೊಂಡು ಸ್ನಾನ ಮಾಡೋ ಹಾಗೆ ಮಾಡಿಕೊಡು, ಸಾಕು." ನಮ್ಮಮ್ಮ ನನ್ನ ಹತ್ತಿರ ತನಗಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

೧. ಫೀಲಿಂಗಿನ ರೇಟು

ಮೂರು ಕೊಟೇಶನ್ ಇಲ್ಲದೆ ನಾನು ಗುಂಡುಸೂಜಿಯನ್ನೂ ಕೊಳ್ಳುವುದಿಲ್ಲ. ಇಪ್ಪತ್ತಾರು ವರ್ಷದ ನೌಕರಿ ಹಾಗೆ ಮಾಡಿಬಿಟ್ಟಿದೆ. ಹಾಗಾಗಿ ಮೂವರನ್ನು ಕರೆಸಿದೆ.

ಮೊದಲು ಬಂದವರು ಪಕ್ಕದ ಸೆಕ್ಟರಿನ ಮಿಸ್ತ್ರಿ. ಬಿಹಾರದ ಕಡೆಯವರು, ವಯಸ್ಸಾದವರು, ಕಿವಿಯ ಮೇಲೆ ಪೆನ್ಸಿಲ್. ಬಚ್ಚಲನ್ನು ಒಮ್ಮೆ ಕಣ್ಣಲ್ಲೇ ಅಳೆದು, ಜೇಬಿನಿಂದ ಯಾರದೋ ಮದುವೆಯ ಕಾಗದ ತೆಗೆದು, ಅದರ ಹಿಂದೆ "೮೫,೦೦೦. ಚಾಯ್ ಅಲಗ್" ಎಂದು ಬರೆದುಕೊಟ್ಟರು. ಚಹಾ ಬೇರೆ ಎಂದು ಕೊಟೇಶನ್ನಿನಲ್ಲೇ ಬರೆದುಕೊಟ್ಟ ಪ್ರಾಮಾಣಿಕ ಸರಬರಾಜುದಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಎರಡನೆಯದು ಒಂದು ಕಂಪನಿ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೂರು ದರ್ಜೆ. ಸಿಲ್ವರ್‌ಗೆ ಒಂದು ಲಕ್ಷ ತೊಂಬತ್ತು ಸಾವಿರ. ಅದರಲ್ಲಿ ಬಾಗಿಲು ಸೇರುತ್ತದೆಯೇ ಎಂದು ಕೇಳಿದೆ. "ಬಾಗಿಲು ಗೋಲ್ಡ್‌ನಿಂದ ಶುರು ಸರ್," ಎಂದ ಬಂದಾತ.

ಮೂರನೆಯವಳು ಡಿಸೈನರ್. ಎಳೆಯ ಹುಡುಗಿ, ಬಲು ವಿನಯ. ಅಳತೆ ಪಟ್ಟಿ ತರಲೇ ಇಲ್ಲ. ಸೋಫಾದಲ್ಲಿ ಅಮ್ಮನ ಪಕ್ಕ ಕೂತು, ಕೈ ಹಿಡಿದುಕೊಂಡು ಹಿಂದಿಯಲ್ಲಿ ಕೇಳಿದಳು: "ಆಂಟೀಜಿ, ಬಾತ್‌ರೂಮಿನ ಒಳಗೆ ಹೋದಾಗ ನಿಮಗೆ ಯಾವ ಫೀಲಿಂಗ್ ಬರಬೇಕು?"

ಅಮ್ಮ ನನ್ನ ಮುಖ ನೋಡಿದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಯೋಚನೆಯೇ ಮಾಡಲಿಲ್ಲ.

"ಬೀಳಲ್ಲ ಅನ್ನೋ ಫೀಲಿಂಗು."

ಮಗಳು ಅದನ್ನು ಹಿಂದಿಗೆ ತಿರುಗಿಸಿದಳು. ಡಿಸೈನರ್ ತಲೆಯಾಡಿಸಿ ಟ್ಯಾಬಿನಲ್ಲಿ ಬರೆದುಕೊಂಡಳು. ಮರುದಿನ ಆರು ಲಕ್ಷ ಎಂಬತ್ತು ಸಾವಿರದ ಕೊಟೇಶನ್ ಬಂತು. ಅದರಲ್ಲಿ ಆ ಫೀಲಿಂಗಿಗೇ ಬೇರೆಯಾಗಿ ನಲವತ್ತೆರಡು ಸಾವಿರ ಹಾಕಿದ್ದರು.

೨. ಎದ್ದು ಮರ್ಯಾದೆ

ಕೆಲಸ ಮಿಸ್ತ್ರಿಗೆ, ಸಾಮಾನು ನಮ್ಮದು ಎಂದು ತೀರ್ಮಾನವಾಯಿತು. ಸಾಮಾನಿಗೆಂದು ಒಂದು ಲಕ್ಷ ಇಪ್ಪತ್ತು ಸಾವಿರ ತೆಗೆದಿಟ್ಟೆ. ಕಮೋಡು ನೋಡಲು ಹೊರಟಾಗ ಅಮ್ಮ ನಾನೂ ಬರುತ್ತೇನೆ ಎಂದರು. "ಕೂರೋಳು ನಾನು. ಎತ್ತರ ನಿಂಗೇನು ಗೊತ್ತಾಗುತ್ತೆ?"

ಮಾತೇನೋ ಸರಿಯೇ. ಆದರೆ ಷೋರೂಮಿನ ನಟ್ಟನಡುವೆ, ರೇಷ್ಮೆಯಂಚಿನ ಸೀರೆ ಉಟ್ಟು, ಹೆಗಲ ಮೇಲೆ ಶಾಲು ಹೊದ್ದು, ಸಾಲಾಗಿ ಇಟ್ಟಿದ್ದ ಕಮೋಡುಗಳ ಮೇಲೆ ಒಂದಾದ ಮೇಲೊಂದರಂತೆ ಕೂತು ಎದ್ದು ನೋಡುವ ಅಮ್ಮನ ಪಕ್ಕ ಕೋಲು ಹಿಡಿದು ನಿಲ್ಲುವುದಿದೆಯಲ್ಲ, ಅದಕ್ಕೆ ಗಟ್ಟಿ ಗುಂಡಿಗೆ ಬೇಕು. ಆರು ಸಾವಿರದ್ದರಲ್ಲಿ ಕೂತರು. "ತಗ್ಗು." ಒಂಬತ್ತು ಸಾವಿರದ್ದು. "ಸೊಂಟ ಹಿಡಿಯುತ್ತೆ." ನಾಲ್ಕನೆಯದರ ಹೊತ್ತಿಗೆ ಸೇಲ್ಸ್‌ಮನ್ ಚಹಾ ತಂದ. ಅಮ್ಮ ಎದ್ದು ಬರಲಿಲ್ಲ, ಅಲ್ಲಿಗೇ ಕೊಡು ಎಂದು ಕೈ ಚಾಚಿದರು. ಟೈಲ್ಸ್ ನೋಡಲು ಬಂದಿದ್ದ ಒಂದು ಸಂಸಾರ ದೂರದಿಂದ ನೋಡಿ, ನಕ್ಕು, ಆಮೇಲೆ ತಮ್ಮ ಅಜ್ಜನನ್ನೂ ಕರೆತಂದು ಪಕ್ಕದ್ದರಲ್ಲಿ ಕೂರಿಸಿದರು. ಇಬ್ಬರು ಹಿರಿಯರೂ ಮಂಡಿನೋವಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅಮ್ಮನಿಗೆ ಅರ್ಧ ಹಿಂದಿ, ಅಜ್ಜನಿಗೆ ಅರ್ಧ ಕಿವಿ. ಆದರೂ ಮಾತು ಚೆನ್ನಾಗಿಯೇ ನಡೆಯಿತು.

ಹದಿನಾಲ್ಕು ಸಾವಿರದ ಒಂದರಿಂದ ಅಮ್ಮ ಯಾರ ಕೈಯನ್ನೂ ಹಿಡಿಯದೆ ತಾವಾಗಿಯೇ ಎದ್ದು ನಿಂತರು. ಬಿದ್ದ ಮೇಲೆ ಅದೇ ಮೊದಲ ಸಲ. ಅವರ ಮುಖ ನೋಡಿ ನನಗೆ ಅಲ್ಲೇ ಬಿಲ್ ಕಟ್ಟಿಬಿಡೋಣ ಅನ್ನಿಸಿತು. ಚೌಕಾಸಿ ಮಾಡುವುದನ್ನೇ ಮರೆತೆ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅಷ್ಟರಲ್ಲಿ ಸೇಲ್ಸ್‌ಮನ್, "ಮಾತಾಜಿ, ಒಂದು ಸಲ ಇದನ್ನೂ ನೋಡಿಬಿಡಿ," ಎಂದು ಮೂಲೆಗೆ ಕರೆದೊಯ್ದ. ಒಂದು ಲಕ್ಷ ಮೂವತ್ತೈದು ಸಾವಿರದ ಆಟೋಮ್ಯಾಟಿಕ್ ಕಮೋಡು. ಅಮ್ಮ ಹತ್ತಿರ ಹೋಗುತ್ತಿದ್ದಂತೆ ಅದರ ಮುಚ್ಚಳ ತಾನಾಗಿಯೇ ಮೇಲೆದ್ದಿತು. ಅಮ್ಮ ಬೆಚ್ಚಿ ಹಿಂದೆ ಸರಿದರು. ಸ್ವಲ್ಪ ಹೊತ್ತಿಗೆ ಮುಚ್ಚಿಕೊಂಡಿತು. ಮತ್ತೆ ಮುಂದೆ ಹೋದರು. ಮತ್ತೆ ಎದ್ದಿತು. ಹೀಗೆ ನಾಲ್ಕು ಸಲ.

ಕೊನೆಗೆ ಅಮ್ಮ ನನ್ನ ಕಡೆ ತಿರುಗಿ, "ನೋಡೋ, ನಲವತ್ತಾರು ವರ್ಷ ಸಂಸಾರ ಮಾಡಿದೆ, ನಾನು ಬಂದೆ ಅಂತ ನಿಮ್ಮಪ್ಪ ಒಂದು ದಿನಾನೂ ಹೀಗೆ ಎದ್ದವರಲ್ಲ," ಎಂದರು.

೩. ಹಾಗಲಕಾಯಿ

ಒಡೆಯುವುದು, ಪೈಪು, ಟೈಲ್ಸು ಎಲ್ಲ ಮುಗಿಯುವ ಹೊತ್ತಿಗೆ ದೀಪಾವಳಿ ಬಂತು. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಊರಲ್ಲಾದರೆ ಬಚ್ಚಲು ತೊಳೆದು, ಹಂಡೆಗೆ ಸುಣ್ಣದ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ಪೂಜೆ ಮಾಡುತ್ತಾರೆ. ಗುರುಗ್ರಾಮದಲ್ಲಿ ಹಂಡೆಯಿಲ್ಲ, ಗೀಸರ್ ಇದೆ. ಅಮ್ಮ ಹನ್ನೊಂದು ವರ್ಷದಿಂದ ಪೂಜೆಯನ್ನು ಗೀಸರ್‌ಗೇ ಮಾಡುತ್ತಾರೆ. ಹಾಗಲಬಳ್ಳಿ ಸಿಗುವುದಿಲ್ಲವಾದ್ದರಿಂದ ತರಕಾರಿ ಭಯ್ಯಾನಿಂದ ಹಾಗಲಕಾಯಿಗಳನ್ನೇ ತಂದು ದಾರದಲ್ಲಿ ಕಟ್ಟಿ ನೇತುಹಾಕುವುದು.

ಆ ವರ್ಷ ಹೊಸ ಗೀಸರ್ ಇನ್ನೂ ಡಬ್ಬದಲ್ಲಿತ್ತು. ಅಮ್ಮ ಡಬ್ಬ ಬಿಚ್ಚಿಸಿ, ಹಾಲ್‌ನಲ್ಲಿ ಮಣೆಯ ಮೇಲೆ ಕೂರಿಸಿ, ಸುಣ್ಣ, ಕುಂಕುಮ, ಹಾಗಲಕಾಯಿ ಎಲ್ಲ ಮಾಡಿದರು. ಕೆಲಸ ಮುಗಿಸಿ ಹೊರಟಿದ್ದ ಮಿಸ್ತ್ರಿ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು. "ಬೇಟಾ, ಇದು ಏನು ಪೂಜೆ?" ಎಂದು ನನ್ನ ಮಗಳನ್ನು ಕೇಳಿದರು. ಅವಳಿಗೆ ಹಬ್ಬದ ಕಥೆಯನ್ನೆಲ್ಲ ಹಿಂದಿಯಲ್ಲಿ ಹೇಳುವಷ್ಟು ವ್ಯವಧಾನ ಎಲ್ಲಿ? "ಅಂಕಲ್, ಹಮಾರೇ ಯಹಾಂ ಬಾತ್‌ರೂಮ್ ಕೀ ಪೂಜಾ ಹೋತೀ ಹೈ," ಎಂದಳು. ಬಚ್ಚಲಿಗೇ ಪೂಜೆ ಎಂದ ಹಾಗಾಯಿತು. ಮಿಸ್ತ್ರಿ ಬಹಳ ಗಂಭೀರವಾಗಿ ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಅವರು ತಮ್ಮ ಬಿಹಾರದ ಕಡೆಯ ಛಠ್ ಹಬ್ಬಕ್ಕೆ ಊರಿಗೆ ಹೊರಡಬೇಕು. ಹೊರಡುವ ಮುಂಚೆ ಬಂದು ಕಮೋಡು ಕೂರಿಸಿ, ಸಿಮೆಂಟ್ ಒಣಗಲು ಬಿಟ್ಟು ಹೋಗುತ್ತೇನೆ ಎಂದಿದ್ದರು. ಹಾಗೆಯೇ ಬಂದರು, ಕೂರಿಸಿದರು, "ಮಾತಾಜಿ, ಬಂದು ನೋಡಿ," ಎಂದು ಸಂತೋಷದಿಂದ ಕರೆದರು. ನಾವೆಲ್ಲ ಹೋಗಿ ನೋಡಿದೆವು.

ಕಮೋಡಿನ ಟ್ಯಾಂಕಿಗೆ ಎರಡು ಸುಣ್ಣದ ಪಟ್ಟೆ. ಮುಚ್ಚಳದ ಮೇಲೆ ಕುಂಕುಮ, ಒಂದು ಚೆಂಡುಹೂವು. ಪಕ್ಕದಲ್ಲಿ ಊದಿನಕಡ್ಡಿ. ಮತ್ತು ಅದರ ಕೊರಳಿಗೆ, ನಮ್ಮನೆಯದೇ ದಾರದಲ್ಲಿ, ನಮ್ಮನೆಯವೇ ನಾಲ್ಕು ಹಾಗಲಕಾಯಿ.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದಳು. ನಾನು ಹೆದರಿ ಅಮ್ಮನನ್ನು ನೋಡಿದೆ. ಅಮ್ಮ ತುಂಬ ಹೊತ್ತು ಆ ಅಲಂಕಾರವನ್ನು ನೋಡಿದರು, ಮಿಸ್ತ್ರಿಯ ಮುಖವನ್ನೂ ನೋಡಿದರು. ಆ ಮನುಷ್ಯ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿರುವವರ ಹಾಗೆ ನಿಂತಿದ್ದರು. ಅಮ್ಮ ಕಮೋಡಿಗೆ ಕೈ ಮುಗಿದೇಬಿಟ್ಟರು. "ಬಹುತ್ ಅಚ್ಛಾ, ಭಯ್ಯಾ" ಎಂದರು. ಅವರ ಊರಿನ ಮಕ್ಕಳಿಗೆಂದು ಒಂದು ಡಬ್ಬ ರವೆಉಂಡೆ ಕಟ್ಟಿಕೊಟ್ಟು ಕಳಿಸಿದರು.

ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನನ್ನನ್ನು ಕರೆದು ಹೇಳಿದರು: "ಪಾಪ, ಭಕ್ತಿಯಿಂದ ಮಾಡಿದಾನೆ, ಅದಕ್ಕೇನೂ ಅನ್ನಬೇಡ. ಆದ್ರೆ ಇವತ್ತು ಗೊಜ್ಜಿಗೆ ಬೇರೆ ಹಾಗಲಕಾಯಿ ತಗೊಂಡ್ ಬಾ."

೪. ಒಂಬತ್ತು ತೂತು

ಮಿಸ್ತ್ರಿ ಮೂರು ವಾರಕ್ಕೆ ವಾಪಸು ಬಂದರು. ಉಳಿದಿದ್ದದ್ದು ಗೋಡೆಗೆ ಒಂಬತ್ತು ತೂತು, ಅಷ್ಟೇ. ಗೀಸರ್‌ಗೆ ಮೂರು, ಹಿಡಿಯುವ ಕಂಬಿಗಳಿಗೆ ಆರು. ಆದರೆ ಅಷ್ಟರಲ್ಲಿ ಗುರುಗ್ರಾಮದ ಗಾಳಿ ಪ್ರತಿ ಚಳಿಗಾಲದಂತೆ ಕೆಟ್ಟಿತ್ತು. ಸರ್ಕಾರದ ಆದೇಶದಂತೆ ಒಡೆಯುವ, ಕೊರೆಯುವ ಕೆಲಸವೆಲ್ಲ ಬಂದ್ ಎಂದು ಸೊಸೈಟಿಯ ಸೆಕ್ರೆಟರಿ ಲಿಫ್ಟಿನಲ್ಲಿ ನೋಟಿಸ್ ಅಂಟಿಸಿದರು. ಅವರು ನಿವೃತ್ತ ಅಧಿಕಾರಿ, ನಿಯಮ ಎಂದರೆ ನಿಯಮ. ಒಂಬತ್ತೇ ತೂತು ಎಂದು ನಾನು ಗೋಗರೆದೆ. "ಎಲ್ಲರೂ ಒಂಬತ್ತೇ ಅನ್ನುತ್ತಾರೆ," ಎಂದರು.

ಅಮ್ಮನಿಗೆ ಬೆಳಿಗ್ಗೆ ಎದ್ದೊಡನೆ ಒಂದೇ ಪ್ರಶ್ನೆ: "ಗಾಳಿ ಎಷ್ಟಿದೆ?" ಮಗಳು ಫೋನಿನಲ್ಲಿ ಮಾಲಿನ್ಯದ ಅಂಕಿ ನೋಡಿ, ನಾನೂರ ಇಪ್ಪತ್ತು ಎನ್ನುವುದನ್ನು ಹಿಂದಿಯಲ್ಲಿ ಹೇಳುತ್ತಿದ್ದಳು: "ಅಜ್ಜಿ, ಚಾರ್ ಸೌ ಬೀಸ್." ಅಮ್ಮ ನಿಟ್ಟುಸಿರು ಬಿಟ್ಟು ಟವೆಲ್ ತೆಗೆದುಕೊಂಡು ನಮ್ಮ ರೂಮಿನ ತೆರೆದ ಬಾಗಿಲಿನ ಸ್ನಾನಕ್ಕೆ ಹೊರಡುತ್ತಿದ್ದರು. ಹತ್ತು ದಿನ ಹೀಗೇ ಆಯಿತು. ಹನ್ನೊಂದನೇ ದಿನ ಅಮ್ಮ ಕೋಲೂರಿಕೊಂಡು ತಾವೇ ಸೆಕ್ರೆಟರಿ ಮನೆಗೆ ಹೋಗಿ ಏನೋ ಮಾತಾಡಿ ಬಂದರು. ಏನೆಂದು ನಮಗೆ ಹೇಳಲಿಲ್ಲ.

ಅದಾದ ಎರಡು ದಿನಕ್ಕೆ ಸರ್ಕಾರದವರು ನಿರ್ಬಂಧ ತೆಗೆದರು. ಆ ಸುದ್ದಿ ನಮಗೆ ತಿಳಿಯುವ ಮೊದಲೇ ಸೆಕ್ರೆಟರಿ ನಮ್ಮ ಬಾಗಿಲಲ್ಲಿದ್ದರು, ಒಂದು ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ, ಇನ್ನೊಂದರಲ್ಲಿ ಅವರ ಮನೆಯ ವ್ಯಾಕ್ಯೂಮ್ ಕ್ಲೀನರ್. "ಬೇಗ ಮಿಸ್ತ್ರಿಯನ್ನು ಕರೆಸಿ. ನಾಳೆ ಮತ್ತೆ ಬಂದ್ ಆಗಬಹುದು," ಎಂದರು. ಮಿಸ್ತ್ರಿ ಒಂದೊಂದು ತೂತು ಕೊರೆಯುವಾಗಲೂ ಅವರು ಪಕ್ಕದಲ್ಲಿ ನಿಂತು ನೀರು ಚಿಮುಕಿಸಿದರು, ಧೂಳು ಹೀರಿಸಿದರು. ಮಾತಿನ ನಡುವೆ, "ನನ್ನ ತಾಯಿಗೂ ಕೊನೆಯ ಎರಡು ವರ್ಷ ಬಾಗಿಲು ಹಾಕಲು ಬಿಟ್ಟಿರಲಿಲ್ಲ ನಾವು," ಎಂದು ಹೇಳಿ ಮತ್ತೆ ಬಾಟಲಿ ಒತ್ತಿದರು. ಅವರ ಮೇಲಿದ್ದ ಸಿಟ್ಟೆಲ್ಲ ನನಗೆ ಅಲ್ಲೇ ಇಳಿದುಹೋಯಿತು.

ಒಂಬತ್ತನೇ ತೂತು ಮುಗಿದಾಗ ಅವರ ಟೋಪಿ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿದ್ದವು. ಮಗಳು ಫೋನ್ ನೋಡಿ, "ಅಂಕಲ್, ಹೊರಗಡೆ ಗಾಳಿ ಇವತ್ತು ಪರವಾಗಿಲ್ಲ. ನಿಮ್ಮ ಸುತ್ತಮುತ್ತ ಮಾತ್ರ ಕೆಟ್ಟದಾಗಿದೆ," ಎಂದಳು.

೫. ಲೋಡ್ ಟೆಸ್ಟ್

ಇದು ನನ್ನ ಸ್ವಂತ ಬುದ್ಧಿಯ ಕಥೆ. ಹಿಡಿಯುವ ಕಂಬಿ ಒಂದಕ್ಕೆ ಎರಡು ಸಾವಿರದ ಎಂಟುನೂರು. ಮೂರು ಬೇಕು. ಬಜೆಟ್ಟು ಆಗಲೇ ಮಿತಿ ದಾಟಿತ್ತು. ಅದೇ ಅಂಗಡಿಯಲ್ಲಿ ನೋಡಲು ಥೇಟ್ ಹಾಗೆಯೇ ಇದ್ದ ಟವೆಲ್ ರಾಡು ಆರುನೂರಕ್ಕಿತ್ತು. ಎರಡೂ ಉಕ್ಕು, ಎರಡೂ ಹೊಳೆಯುತ್ತವೆ. ಮೂರು ರಾಡು ತಂದೆ. ಮಿಸ್ತ್ರಿ ತಲೆ ಕೆರೆದುಕೊಂಡು, "ಸಾಬ್, ಇದು ಟವೆಲಿಗೆ," ಎಂದರು. ಹೆಂಡತಿ, "ರೀ, ಅತ್ತೆ ಟವೆಲ್ ಅಲ್ಲ," ಎಂದಳು. ನಾನು ಕೇಳಲಿಲ್ಲ, ಹಾಕಿಸಿಯೇಬಿಟ್ಟೆ. ಆದರೆ ಕಾರ್ಖಾನೆಯ ಅಭ್ಯಾಸ, ಪರೀಕ್ಷೆ ಮಾಡದೆ ಯಾವ ಮಾಲನ್ನೂ ಒಳಗೆ ಬಿಡುವುದಿಲ್ಲ. ಅಮ್ಮನ ತೂಕ ನಲವತ್ತೆಂಟು, ನನ್ನದು ಎಂಬತ್ತೊಂದು. ನಾನೇ ಜೋತುಬಿದ್ದೆ.

ರಾಡು, ಎರಡು ಟೈಲ್ಸು ಮತ್ತು ನಾನು ಒಟ್ಟಿಗೆ ಕೆಳಗೆ ಬಂದೆವು.

ಬೆನ್ನು ಉಳುಕಿತು. ಡಾಕ್ಟರು ಅವರೇ. ಹೇಳಿದ್ದೂ ಅದೇ: ಸ್ಟೂಲಿನ ಮೇಲೆ ಕೂತು ಸ್ನಾನ, ಚಿಲಕ ಹಾಕುವಂತಿಲ್ಲ. ಹೆಂಡತಿಗೆ ಶಾಲೆ. ಆದ್ದರಿಂದ ಕಾವಲಿಗೆ ಅಮ್ಮ ಕೂತರು.

"ಅಮ್ಮ, ನಂಗೆ ಐವತ್ತೆರಡು ವಯಸ್ಸು," ಎಂದೆ.

"ನಂಗೆ ಎಪ್ಪತ್ತೇಳು. ನಾನು ಕೇಳಿದಾಗ ನೀವು ಬಿಟ್ರಾ?"

ನಿಮಿಷಕ್ಕೊಮ್ಮೆ "ಇದೀಯೇನೋ?" ಎನ್ನುತ್ತಿದ್ದರು. "ಇದೀನಮ್ಮ" ಎನ್ನಬೇಕು. ಸೋಪು ಬಿದ್ದರೆ "ಏನದು ಸದ್ದು?" ಮೂರನೇ ದಿನದ ಹೊತ್ತಿಗೆ ನನಗೆ ಅಳು ಬರುವಂತಾಯಿತು. ಕೋಪಕ್ಕಲ್ಲ, ನಾಚಿಕೆಗೆ. ಇದನ್ನೇ ಅಮ್ಮ ನಾಲ್ಕು ತಿಂಗಳಿಂದ ಅನುಭವಿಸುತ್ತಿದ್ದರು, ನಾನು ಆರುನೂರರ ರಾಡು ಹುಡುಕುತ್ತಿದ್ದೆ. ಅಲ್ಲೇ ಸ್ಟೂಲಿನಲ್ಲಿ ಕೂತು ಹೆಂಡತಿಗೆ ಮೆಸೇಜ್ ಮಾಡಿದೆ: ಎರಡು ಸಾವಿರದ ಎಂಟುನೂರರದೇ ತಂದುಬಿಡು.

ಫೋನ್ ಹೊರಗೆ ಅಮ್ಮನ ಕೈಗೆ ಕೊಟ್ಟಿದ್ದೇ ತಪ್ಪಾಯಿತು. ಮರುಕ್ಷಣವೇ ಅದು ಹೊಡೆದುಕೊಂಡಿತು. ಕಾರ್ಖಾನೆಯಿಂದ ನನ್ನ ಮೇಲಧಿಕಾರಿ. ಅಮ್ಮ ತಾವೇ ಎತ್ತಿ, ತಮ್ಮ ಹನ್ನೊಂದು ವರ್ಷದ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು: "ಬೇಟಾ ನಹಾ ರಹಾ ಹೈ. ಗಿರ್ ಜಾಯೇಗಾ, ಇಸಲಿಯೇ ಮೈ ಬೈಠೀ ಹೂಂ." ಮಗು ಸ್ನಾನ ಮಾಡ್ತಿದೆ, ಬಿದ್ದುಬಿಡುತ್ತೆ ಅಂತ ನಾನು ಕಾದು ಕೂತಿದ್ದೇನೆ ಎಂದು.

ಬೆನ್ನು ಸರಿಹೋಗಿ ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿ ಎರಡು ವಾರವಾದರೂ ಗೇಟಿನಿಂದ ಹಿಡಿದು ಕ್ಯಾಂಟೀನಿನವರೆಗೆ ಎಲ್ಲರೂ "ಸರ್, ಇವತ್ತು ಸ್ನಾನ ಯಾರು ಮಾಡಿಸಿದರು?" ಎಂದು ಕೇಳುತ್ತಲೇ ಇದ್ದರು.

೬. ಕೆಂಪು ದಾರ

ಡಿಸೆಂಬರಿನ ಒಂದು ಶುಕ್ರವಾರ ಬಚ್ಚಲು ತಯಾರಾಯಿತು. ಡಾಕ್ಟರು ಫೋಟೋ ನೋಡಿ ಒಪ್ಪಿದರು. ಎರಡು ಷರತ್ತು ಮಾತ್ರ. ಚಿಲಕ ಹೊರಗಿನಿಂದಲೂ ನಾಣ್ಯ ಹಾಕಿ ತಿರುಗಿಸಿದರೆ ತೆಗೆಯುವಂಥದ್ದಾಗಿರಬೇಕು. ಒಳಗೆ ಒಂದು ಕೆಂಪು ದಾರ ಇರಬೇಕು, ಎಳೆದರೆ ನಮ್ಮ ಹಾಲ್‌ನಲ್ಲೂ ಕೆಳಗೆ ಗಾರ್ಡಿನ ಮೇಜಿನಲ್ಲೂ ಗಂಟೆ ಹೊಡೆಯಬೇಕು. ಎರಡನ್ನೂ ಹಾಕಿಸಿದ್ದೆವು.

ಅಮ್ಮ ಎಣ್ಣೆ ಹಚ್ಚಿಕೊಂಡು, ಹೊಸ ಟವೆಲ್, ಸೀಗೆಪುಡಿ ಹಿಡಿದು ಹೊರಟರು. ನಾನು ಎಲ್ಲ ತೋರಿಸಿದೆ: ಬಿಸಿನೀರು ಇಲ್ಲಿ, ಕಂಬಿ ಇಲ್ಲಿ, ಲೈಟು ಇಲ್ಲಿ. ಕೆಂಪು ದಾರದ ವಿಷಯಕ್ಕೆ ಬರುವಷ್ಟರಲ್ಲಿ ಹೆಂಡತಿ ಕಣ್ಣು ಬಿಟ್ಟಳು. "ಶುಕ್ರವಾರ, ಮೊದಲನೇ ಸ್ನಾನ. ಇವತ್ತೇ ಬೀಳೋ ಮಾತು ಯಾಕ್ರೀ? ನಾಳೆ ಹೇಳಿದ್ರಾಯ್ತು." ನನಗೂ ಸರಿಯೆನ್ನಿಸಿ ಬಾಯಿ ಮುಚ್ಚಿಕೊಂಡೆ.

ಬಾಗಿಲು ಮುಚ್ಚಿತು. ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ನಾನು, ಹೆಂಡತಿ, ಮಗಳು ಮೂವರೂ ಅಲ್ಲೇ ನಿಂತಿದ್ದೆವು. ನನ್ನ ಕಣ್ಣು ಒದ್ದೆಯಾಗಿತ್ತು, ಹೆಂಡತಿಯದೂ.

ಐದು ನಿಮಿಷ ಕಳೆದಿರಬೇಕು. ಹಾಲ್‌ನ ಗಂಟೆ ಬಡಿಯತೊಡಗಿತು.

"ಅಮ್ಮಾ!" ಎಂದು ಬಾಗಿಲು ಬಡಿದೆ. ಉತ್ತರವಿಲ್ಲ. ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು ಮಾತ್ರ. ಅಷ್ಟರಲ್ಲಿ ಕೆಳಗಿನಿಂದ ಗಾರ್ಡುಗಳು ಮೂವರು ಓಡಿಬಂದರು. ಹಿಂದೆಯೇ ಸೆಕ್ರೆಟರಿ. ಎದುರು ಮನೆಯ ಆಂಟಿ ಒಂದು ಕೈಯಲ್ಲಿ ಗ್ಲೂಕೋಸ್ ಡಬ್ಬ, ಇನ್ನೊಂದು ಕೈಯಲ್ಲಿ ಫೋನ್, ಆಂಬುಲೆನ್ಸ್‌ಗೆ ಹೇಳಲಾ ಎನ್ನುತ್ತಾ ಬಂದರು. ಪಾಲಿಷ್ ಮಾಡಲು ಉಳಿದಿದ್ದ ಮಿಸ್ತ್ರಿ ಬಾಗಿಲು ಒಡೆಯಲು ಸುತ್ತಿಗೆ ಎತ್ತಿಕೊಂಡರು. ನಾನು ಜೇಬಿನಲ್ಲಿ ನಾಣ್ಯ ಹುಡುಕಿ ಚಿಲಕದ ಸೀಳಿಗೆ ಇಡುವಷ್ಟರಲ್ಲಿ ನಲ್ಲಿ ನಿಂತಿತು.

"ಏನೋ ಅದು ಗಲಾಟೆ?" ಎಂದರು ಅಮ್ಮ ಒಳಗಿನಿಂದ.

"ಅಮ್ಮ! ಬಿದ್ದೆಯಾ?"

"ನಾನ್ಯಾಕೆ ಬೀಳ್ಲಿ? ಆರಾಮಾಗಿ ಕೂತಿದೀನಿ."

"ಮತ್ತೆ ದಾರ ಎಳೆದೆಯಲ್ಲ?"

"ಎಳೀಲಿಲ್ಲಪ್ಪ. ಅದರ ಮೇಲೆ ಸೀರೆ ನೇತುಹಾಕಿದೀನಿ. ಒಳ್ಳೆ ಗಟ್ಟಿ ದಾರ ಕಟ್ಟಿಸಿದೀಯ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೆಂಡತಿ ಎಲ್ಲರಿಗೂ ಹಿಂದಿಯಲ್ಲಿ ವಿವರಿಸಿದಳು. ಎದುರು ಮನೆಯ ಆಂಟಿ ನಗಲು ಶುರುಮಾಡಿದರು, ಮಿಸ್ತ್ರಿ ಸುತ್ತಿಗೆ ಕೆಳಗಿಟ್ಟರು. ಆದರೆ ಗಾರ್ಡುಗಳ ಮುಖ್ಯಸ್ಥ ಮಾತ್ರ ಅಲುಗಲಿಲ್ಲ. ಗಂಟೆ ಹೊಡೆದರೆ ಮನುಷ್ಯರನ್ನು ಕಣ್ಣಾರೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು, ನಿಯಮ ಎಂದ. "ಮಾತಾಜಿಯನ್ನು ಒಂದು ಸಲ ನೋಡಲೇಬೇಕು ಸಾಬ್. ಬಾಗಿಲು ತೆಗೆಸಿ." ಸೆಕ್ರೆಟರಿ ನನ್ನ ಮುಖ ನೋಡಿದರು. ಆ ನಿಯಮ ಬರೆದವರು ಅವರೇ.

ನಾಣ್ಯ ಇನ್ನೂ ನನ್ನ ಬೆರಳಲ್ಲೇ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಬಳಿ ಬಗ್ಗಿ ಹೇಳಿದೆ: "ಅಮ್ಮ, ಇವರೆಲ್ಲ ನಿನ್ನ ಒಂದು ಸಲ ಕಣ್ಣಲ್ಲಿ ನೋಡ್ಬೇಕಂತೆ. ನಾನು ಬಾಗಿಲು ತೆಗೆಯಲ್ಲ. ಏನು ಹೇಳ್ಲಿ?"

ಒಳಗೆ ಒಂದು ತಂಬಿಗೆ ನೀರು ಸುರಿದುಕೊಂಡ ಸದ್ದಾಯಿತು. ಆಮೇಲೆ ಅಮ್ಮನ ದನಿ, ಐದು ತಿಂಗಳಲ್ಲಿ ನಾನು ಕೇಳದಷ್ಟು ಗಟ್ಟಿಯಾಗಿ ಬಂತು:

"ಐದು ತಿಂಗಳು ಬಾಗಿಲು ತೆಗೆದಿಟ್ಟೇ ಸ್ನಾನ ಮಾಡಿದೆ, ಆಗ ಒಬ್ರೂ ನೋಡೋಕೆ ಬರ್ಲಿಲ್ಲ. ಇವತ್ತು ಚಿಲಕ ಹಾಕಿದೀನಿ, ಊರಿಗೆ ಊರೇ ನನ್ನ ನೋಡ್ಬೇಕಂತಾ? ಎಲ್ಲರಿಗೂ ಕಾಫಿ ಕೊಟ್ಟು ಕೂರ್ಸು. ನಂಗಿನ್ನೂ ತಲೆ ತೊಳ್ಕೊಳ್ಳೋದಿದೆ!"